ಶಿಯಾಂಗ್‌ಚಿ, ವೇಚಿ, ಮಾಜಾಂಗ್: ಮನೆಗೆ ಯಾವುದು?

ಚೀನಾದಿಂದ ಒಂದೇ ಒಂದು ಆಟದ ಪೆಟ್ಟಿಗೆ ತರುವುದಾದರೆ ಶಿಯಾಂಗ್‌ಚಿ ತನ್ನಿ. ಕೆಲಸದ ಮೇಲೆ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿದ್ದಾಗ ಮೂರೂ ಆಟಗಳನ್ನು ಕಲಿತು, ಈಗ ಮೈಸೂರಿನ ಮನೆಯಲ್ಲಿ ಮಗಳು ಮತ್ತು ಅವಳ ತಾತನೊಂದಿಗೆ ಆಡುತ್ತಿರುವ ನನ್ನ ತೀರ್ಪು ಇದು. ಚೆಂಗ್ಡುವಿನಲ್ಲಿ ಇದನ್ನು ಒಪ್ಪುವವರು ಕಡಿಮೆ. ಅದು ಮಾಜಾಂಗ್ ಊರು.

ಶಿಯಾಂಗ್‌ಚಿ ಚೀನಾದ ಚದುರಂಗ. ಒಂಬತ್ತು ಉದ್ದ ಗೆರೆ, ಹತ್ತು ಅಡ್ಡ ಗೆರೆ. ಕಾಯಿಗಳು ಕೂರುವುದು ಚೌಕದೊಳಗಲ್ಲ, ಗೆರೆಗಳು ಕೂಡುವಲ್ಲಿ. ಮಣೆಯ ನಡುವೆ ಒಂದು ನದಿ. ಕ್ರಿ.ಪೂ. 206ರಿಂದ 202ರವರೆಗೆ ಚು ಮತ್ತು ಹಾನ್ ಎಂಬ ಎರಡು ರಾಜ್ಯಗಳ ನಡುವೆ ನಡೆದ ಕಾಳಗದ ನೆನಪಿಗೆ ಅಲ್ಲಿ ‘ಚು ನದಿ, ಹಾನ್ ಗಡಿ’ ಎಂದು ಬರೆದಿರುತ್ತದೆ. ನಮ್ಮ ಚದುರಂಗ ಬಲ್ಲವರಿಗೆ ಮೊದಲು ತೊಡಕಾಗುವುದು ಆನೆ. ನಮ್ಮಲ್ಲಿ ಮೂಲೆಯಿಂದ ನೆಟ್ಟಗೆ ನುಗ್ಗುವ ಆನೆ ಇಲ್ಲಿ ಓರೆಯಾಗಿ ಎರಡೆರಡು ಹೆಜ್ಜೆ ಇಡುತ್ತದೆ, ನದಿಯನ್ನಂತೂ ದಾಟುವುದೇ ಇಲ್ಲ. ನುಗ್ಗುವ ಕೆಲಸ ರಥದ್ದು. ಕುದುರೆಯ ಪಕ್ಕದಲ್ಲೇ ಒಂದು ಕಾಯಿ ನಿಂತುಬಿಟ್ಟರೆ ಅದು ಆ ಕಡೆಗೆ ಹಾರಲಾರದು.

ಆಟದ ಸೊಗಸೆಲ್ಲ ಫಿರಂಗಿಯಲ್ಲಿದೆ. ಅದರ ನಡೆ ರಥದಂತೆಯೇ, ಆದರೆ ಹೊಡೆಯಬೇಕಾದರೆ ನಡುವೆ ಸರಿಯಾಗಿ ಒಂದು ಕಾಯಿ ಅಡ್ಡ ಇರಬೇಕು, ತನ್ನದಾದರೂ ಸರಿ, ಎದುರಾಳಿಯದಾದರೂ ಸರಿ. ಹಾಗಾಗಿ ಫಿರಂಗಿಯಿಂದ ಚೆಕ್ ಬಿದ್ದಾಗ ಅಡ್ಡವಿರುವ ನಿಮ್ಮದೇ ಕಾಯಿಯನ್ನು ಪಕ್ಕಕ್ಕೆ ಸರಿಸಿದರೂ ಪಾರಾಗಬಹುದು. ಅರ್ಧ ಶತಮಾನ ಚದುರಂಗ ಆಡಿದ ಅಪ್ಪನಿಗೆ ಇದು ಮೊದಲು ಅನ್ಯಾಯವೆನಿಸಿತು. ಈಗ ಅವರು ಬೇರೆ ಯಾವ ಕಾಯಿಯನ್ನೂ ಅಷ್ಟು ಪ್ರೀತಿಯಿಂದ ಮುಟ್ಟುವುದಿಲ್ಲ. ಕಾಲಾಳುಗಳು ಐದೇ ಇರುವುದರಿಂದ ಮಣೆ ಬೇಗ ತೆರೆದುಕೊಳ್ಳುತ್ತದೆ. ನಡೆಸಲು ನಡೆಯೇ ಇಲ್ಲದವನು ಸೋತಂತೆ. ನಮ್ಮ ಚದುರಂಗದ ಹಾಗೆ ಡ್ರಾ ಎಂದು ಕೈತೊಳೆದುಕೊಳ್ಳುವಂತಿಲ್ಲ.

ತೊಂದರೆ ಒಂದೇ: ಕಾಯಿಗಳೆಲ್ಲ ಬಿಲ್ಲೆಗಳೇ, ಅವುಗಳ ಮೇಲಿರುವುದು ಚೀನೀ ಲಿಪಿ, ಅದರಲ್ಲೂ ಕೆಂಪು ಆನೆಗೆ ಒಂದು ಅಕ್ಷರ, ಕಪ್ಪು ಆನೆಗೆ ಇನ್ನೊಂದು. ಮಗಳು ಅವುಗಳನ್ನು ಚಿತ್ರಗಳಂತೆ ಗುರುತಿಟ್ಟುಕೊಂಡಳು. ಅಪ್ಪನಿಗಾಗಿ ಬಿಲ್ಲೆಗಳ ಬೆನ್ನಿಗೆ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಬೇಕಾಯಿತು. ಅಲ್ಲಿನ ಮಣೆಗಳ ಮೇಲೆ ಇನ್ನೊಂದು ಬರಹವೂ ಇರುವುದುಂಟು: ಆಟ ನೋಡುತ್ತಾ ಮಾತಾಡದವನೇ ನಿಜವಾದ ಸಜ್ಜನ. ಉದ್ಯಾನಗಳಲ್ಲಿ ಆಡುವವರನ್ನು ಸುತ್ತುವರಿದು ನಿಂತ ಹಿರಿಯರಲ್ಲಿ ಅಂಥ ಸಜ್ಜನರು ನನಗೆ ಕಾಣಲಿಲ್ಲ.

ವೇಚಿಯನ್ನು ಹೊರಜಗತ್ತು ‘ಗೋ’ ಎಂಬ ಜಪಾನೀ ಹೆಸರಿನಿಂದ ಬಲ್ಲದು. 19 ಗೆರೆಗಳಿಗೆ 19 ಗೆರೆಗಳು, 361 ಬಿಂದುಗಳು, ಕಪ್ಪು ಬಿಳಿ ಕಲ್ಲುಗಳು. ಇಟ್ಟ ಕಲ್ಲು ಕದಲುವುದಿಲ್ಲ; ಸುತ್ತಲಿನ ಖಾಲಿ ಬಿಂದುಗಳೆಲ್ಲ ಮುಚ್ಚಿದರೆ ಅದು ಸತ್ತಂತೆ. ಮೂರರಲ್ಲಿ ಅತ್ಯಂತ ಕಡಿಮೆ ನಿಯಮಗಳಿರುವುದು ಇದಕ್ಕೆ, ಅತ್ಯಂತ ತಡವಾಗಿ ರುಚಿ ಹತ್ತುವುದೂ ಇದೇ. ಆಟ ಎಲ್ಲಿ ಮುಗಿಯಿತೆಂದೇ ಹೊಸಬರಿಗೆ ತಿಳಿಯುವುದಿಲ್ಲ. 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಲೀ ಸೆಡೊಲ್ ಅವರನ್ನು 4–1ರಿಂದ ಸೋಲಿಸಿತು. ಮರುವರ್ಷ ವುಝೆನ್‌ನಲ್ಲಿ ಚೀನಾದ ಕೆ ಜಿಯೆ ಮೂರಕ್ಕೆ ಮೂರೂ ಪಂದ್ಯ ಸೋತರು. ಅದನ್ನು ಕೇಳಿ ಹುರುಪುಗೊಂಡ ಮಗಳಿಗೆ ದೊಡ್ಡ ಮಣೆಯನ್ನು ಕೊಟ್ಟರೆ ಬೇಸರ ಬಂತು. ಮಕ್ಕಳಿಗೆ ಒಂಬತ್ತು ಗೆರೆಯ ಮಣೆಯೇ ಸರಿ.

ಆದರೂ ಒಂದು ವಿಷಯದಲ್ಲಿ ವೇಚಿ ಉಳಿದೆರಡನ್ನೂ ಮೀರಿಸುತ್ತದೆ. ದೊಡ್ಡ ಮಣೆಯಲ್ಲಿ ಬಲಹೀನ ಆಟಗಾರ ಒಂಬತ್ತರವರೆಗೂ ಕಲ್ಲುಗಳನ್ನು ಮೊದಲೇ ಇಟ್ಟುಕೊಂಡು ಆಟ ಶುರು ಮಾಡಬಹುದು. ಆಗ ದೊಡ್ಡವರು ಬೇಕೆಂದೇ ಸೋಲಬೇಕಾಗಿಲ್ಲ, ಮಗುವಿನ ಗೆಲುವೂ ನಿಜವಾದ ಗೆಲುವೇ. ಶಿಯಾಂಗ್‌ಚಿಯಲ್ಲಿ ಕುದುರೆಯನ್ನು ಬಿಟ್ಟುಕೊಟ್ಟು ಆಡಿದರೆ ಆಟದ ರೂಪವೇ ಕೆಡುತ್ತದೆ, ಮಗಳ ಮುಖವೂ ಕೆಡುತ್ತದೆ. ಕಲ್ಲು ಕೊಳ್ಳುವುದಾದರೆ ಯುನ್ನಾನ್ ಪ್ರಾಂತ್ಯದ್ದನ್ನು ಹುಡುಕಿ. ಅಲ್ಲಿನ ಕಪ್ಪು ಕಲ್ಲನ್ನು ಬೆಳಕಿಗೆ ಹಿಡಿದರೆ ಹಸಿರು ಛಾಯೆ ಕಾಣುತ್ತದೆ.

ಮಾಜಾಂಗ್ ಇಸ್ಪೀಟಿನ ರಮ್ಮಿ ಬಲ್ಲವರಿಗೆ ಬೇಗ ಒಲಿಯುತ್ತದೆ: ಕೈಯಲ್ಲಿ 13 ಬಿಲ್ಲೆ, ಒಂದನ್ನು ಎತ್ತಿ ಒಂದನ್ನು ಬಿಸಾಡುವುದು, ನಾಲ್ಕು ಗುಂಪು ಮತ್ತು ಒಂದು ಜೋಡಿ ಕೂಡಿದರೆ ಗೆಲುವು. ಚೀನಾದ ಕ್ರೀಡಾ ಇಲಾಖೆ 1998ರಲ್ಲಿ ಹೊರತಂದ ಸ್ಪರ್ಧಾ ನಿಯಮಗಳಲ್ಲಿ 144 ಬಿಲ್ಲೆಗಳು, ಅಂಕ ತರುವ 81 ಬಗೆಯ ಜೋಡಣೆಗಳು. ಮನೆಮಂದಿಗೆ ಅದು ಪರೀಕ್ಷೆಯ ಪಠ್ಯ. ಸಿಚುವಾನ್ ಪದ್ಧತಿಯೇ ಚೆನ್ನ. 108 ಬಿಲ್ಲೆಗಳು, ಮೂರೇ ಬಣ್ಣ (ಇಸ್ಪೀಟಿನ ಹಾರ್ಟ್, ಕ್ಲಾವರ್ ಇದ್ದಂತೆ), ಅದರಲ್ಲೂ ಒಂದನ್ನು ಪ್ರತಿಯೊಬ್ಬರೂ ಪೂರ್ತಿ ಬಿಡಬೇಕು. ಒಬ್ಬರು ಗೆದ್ದರೆ ಅಲ್ಲಿಗೆ ನಿಲ್ಲುವುದಿಲ್ಲ, ಉಳಿದವರು ಮುಂದುವರಿಸುತ್ತಾರೆ. ಮಾತು, ನಗು, ಬಿಲ್ಲೆ ಕಲಸುವ ಸದ್ದು ಈ ಆಟಕ್ಕೆ ಬೇಕೇ ಬೇಕು. ನಾಲ್ವರು ಸೇರಿದ ರಾತ್ರಿ ಶಿಯಾಂಗ್‌ಚಿಯನ್ನು ಯಾರೂ ಕೇಳುವುದಿಲ್ಲ ಎಂಬುದು ನಿಜ. ಆದರೆ ನಾಲ್ಕನೆಯವರು ಸಿಗದ ಸಂಜೆಗಳೇ ನಮ್ಮಲ್ಲಿ ಹೆಚ್ಚು. ಹಣವಿಲ್ಲದ ಮಾಜಾಂಗ್ ಸಪ್ಪೆ ಎಂದು ನಂಬಿದವರ ಜೊತೆ ವಾದಿಸುವ ಶಕ್ತಿಯೂ ನನಗಿಲ್ಲ. ಪೆಟ್ಟಿಗೆಯಂತೂ ವಿಮಾನದ ಸಾಮಾನಿನ ತೂಕವನ್ನು ನುಂಗಿಹಾಕುತ್ತದೆ.

ಇನ್ನು, ಮಗು ಎಂಟು ವರ್ಷಕ್ಕಿಂತ ಚಿಕ್ಕದಾದರೆ ಈ ಮೂರನ್ನೂ ಬಿಟ್ಟು ಜಿಯಾನ್‌ಜಿ ತನ್ನಿ. ಬುಡದಲ್ಲಿ ಲೋಹದ ಅಥವಾ ರಬ್ಬರಿನ ಬಿಲ್ಲೆ, ಮೇಲೆ ಗರಿಗಳು. ನೆಲಕ್ಕೆ ಬೀಳದಂತೆ ಕಾಲಿನಿಂದ ಚಿಮ್ಮಿಸುತ್ತಿರಬೇಕು. ಪಾದದ ಒಳಬದಿಯಿಂದ ಒದೆಯುವುದನ್ನು ಮೊದಲು ಕಲಿಸಿ. ಬೆರಳ ತುದಿಯಿಂದ ಒದ್ದರೆ ಪಕ್ಕದ ಮನೆಯ ಅಂಗಳ ಸೇರುತ್ತದೆ. ಗರಿಗಳು ಬೇಗ ಉದುರುವುದರಿಂದ ಎರಡು ಮೂರು ಒಟ್ಟಿಗೆ ಕೊಳ್ಳುವುದು ಒಳ್ಳೆಯದು.