3660 ಮೋಟಾರಿನ ವಿಮರ್ಶೆ: ಒಂದೇ ಮೋಟಾರಿನ ದೋಣಿ ಸ್ಪರ್ಧೆಗೆ ಇದು ತಕ್ಕುದೇ?

36 ಮಿಲಿಮೀಟರ್ ವ್ಯಾಸ, 60 ಮಿಲಿಮೀಟರ್ ಉದ್ದ, ನಾಲ್ಕು ಧ್ರುವಗಳ ರೋಟರ್, 5 ಮಿಲಿಮೀಟರ್ ಶಾಫ್ಟ್, ಮೇಲೆ ತಂಪಾಗಿಡಲು ನೀರು ಹರಿಯುವ ಅಲ್ಯೂಮಿನಿಯಂ ಜಾಕೆಟ್, ಲೇಬಲ್ಲಿನ ಮೇಲೆ 2000 ಕೆವಿ ಎಂಬ ಅಂಕಿ: ಇಲ್ಲಿ ವಿಮರ್ಶಿಸುತ್ತಿರುವ, ರೇಡಿಯೊ ನಿಯಂತ್ರಿತ ಪುಟ್ಟ ದೋಣಿಗಳಿಗೆ ಹಾಕುವ ಬ್ರಶ್‌ಲೆಸ್ ಮೋಟಾರಿನ ಪರಿಚಯ ಇಷ್ಟೆ. ಹಲವು ತಯಾರಕರು ಇದೇ ಅಳತೆಯ ಮೋಟಾರನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಸುತ್ತಮುತ್ತ ವಿಚಾರಿಸಿದರೆ ಅಥವಾ ಆನ್‌ಲೈನ್‌ನಲ್ಲಿ ತರಿಸಿದರೆ ಇದು ದೊರೆಯುತ್ತದೆ. ಮೋಟಾರ್ ವೇಗವಾಗಿ ಓಡುತ್ತದೆಯೇ ಎಂಬುದು ಈ ವಿಮರ್ಶೆಯ ಮುಖ್ಯ ಪ್ರಶ್ನೆಯಲ್ಲ, ಏಕೆಂದರೆ ವೇಗವಾಗಿ ಓಡುವ ಮೋಟಾರುಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ. ನಗರದ ಹೊರಗೆ, ದೊಡ್ಡಬಳ್ಳಾಪುರದ ಕಡೆಯ ಕೃಷಿ ಹೊಂಡವೊಂದರಲ್ಲಿ ಮಾಲೀಕರ ಅನುಮತಿ ಪಡೆದು ರೇಡಿಯೊ ನಿಯಂತ್ರಿತ ವಿದ್ಯುತ್ ದೋಣಿಗಳನ್ನು ಓಡಿಸುವ ನಮ್ಮ ಸಣ್ಣ ಗುಂಪು, ಎಲ್ಲರೂ ಒಂದೇ ಬಗೆಯ ಮೋಟಾರ್ ಬಳಸುವ ವಿಭಾಗವೊಂದನ್ನು ಆರಂಭಿಸಲು ಯೋಚಿಸಿದೆ. ಆ ವಿಭಾಗದ ನಿಯಮವನ್ನು ಈ ಮೋಟಾರಿನ ಮೇಲೆ ಕಟ್ಟಬಹುದೇ, ಕಟ್ಟಿದರೆ ಅದು ನಿಲ್ಲುತ್ತದೆಯೇ ಎಂಬುದನ್ನು ನೋಡಲೆಂದೇ ಮೋಟಾರುಗಳನ್ನು ಒಟ್ಟಾಗಿ ಕೊಂಡು ಪರೀಕ್ಷಿಸಿದೆವು.

ಮೊದಲು ಕೆವಿ ಎಂಬ ಅಂಕಿಯ ಅರ್ಥವನ್ನು ಸ್ಪಷ್ಟಪಡಿಸಬೇಕು. ಭಾರವಿಲ್ಲದೆ ತಿರುಗುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದೇ ಕೆವಿ. ನಾಲ್ಕು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿಯ ಹೆಸರಿನ ವೋಲ್ಟೇಜ್ 14.8, ಪೂರ್ತಿ ಚಾರ್ಜ್ ಆದಾಗ 16.8. ಹಾಗಾಗಿ 2000 ಕೆವಿಯ ಮೋಟಾರ್ 29,600ರಿಂದ 33,600 ಸುತ್ತುಗಳ ನಡುವೆ ತಿರುಗಬಲ್ಲದು. ನೀರಿನ ಭಾರ ಬಿದ್ದಾಗ ಇದು ಇಳಿಯುತ್ತದೆ. 42 ಮಿಲಿಮೀಟರ್ ವ್ಯಾಸದ, ಪಿಚ್ ಅನುಪಾತ 1.4 ಇರುವ (ಅಂದರೆ ಒಂದು ಸುತ್ತಿಗೆ ವ್ಯಾಸದ 1.4 ಪಟ್ಟು ಮುಂದೆ ಸಾಗಬೇಕಾದ) ಆಕ್ಟೂರಾ ಎಕ್ಸ್442 ಪ್ರೊಪೆಲ್ಲರನ್ನು ಹಾಕಿದರೆ ಕಾಗದದ ಮೇಲಿನ ಲೆಕ್ಕ ಗಂಟೆಗೆ ಸುಮಾರು 104 ಕಿಲೋಮೀಟರ್ ಬರುತ್ತದೆ. ಜಾರಿಕೆ ಮತ್ತು ಭಾರ ಎರಡೂ ಸೇರಿ ನೀರಿನಲ್ಲಿ ಅದರಿಂದ ಬಹಳಷ್ಟನ್ನು ಕಳೆಯುತ್ತವೆಯಾದರೂ ಕೃಷಿ ಹೊಂಡದಂತಹ ಇಕ್ಕಟ್ಟಿನ ನೀರಿಗೆ ಉಳಿಯುವ ವೇಗವೇ ಬೇಕಾದಷ್ಟಾಗುತ್ತದೆ, ಆದ್ದರಿಂದ ಅಲ್ಲಿ ಇದಕ್ಕಿಂತ ಸಣ್ಣ ಪ್ರೊಪೆಲ್ಲರನ್ನೇ ಬಳಸಿದೆವು.

ನಿಯಮ ಮಾಡುವವರು ಗಮನಿಸಬೇಕಾದ ಸಂಗತಿ ಇದರ ಹಿಂದೆಯೇ ಇದೆ. ಒಂದೇ ಪ್ರೊಪೆಲ್ಲರನ್ನು ತಿರುಗಿಸಲು ಬೇಕಾದ ಶಕ್ತಿಯು ಸುತ್ತುಗಳ ವೇಗದ ಘನಕ್ಕೆ ಹೆಚ್ಚುಕಡಿಮೆ ಅನುಗುಣವಾಗಿ ಏರುತ್ತದೆ. ಸುತ್ತುಗಳು ಶೇ. 10ರಷ್ಟು ಹೆಚ್ಚಿದರೆ ಶಕ್ತಿಯ ಬೇಡಿಕೆ ಶೇ. 33ರಷ್ಟು ಹೆಚ್ಚುತ್ತದೆ. ಅಂದರೆ ಲೇಬಲ್ಲಿನ ಮೇಲೆ ಸಣ್ಣದಾಗಿ ಕಾಣುವ ವ್ಯತ್ಯಾಸ ನೀರಿನ ಮೇಲೆ ಸಣ್ಣದಲ್ಲ, ಮತ್ತು ಒಂದೇ ಮೋಟಾರಿನ ವಿಭಾಗ ಎಂದು ಕರೆದು ಕೆವಿಯನ್ನು ಅಳೆಯದೆ ಬಿಟ್ಟರೆ ಆ ಹೆಸರಿಗೆ ಅರ್ಥವಿರುವುದಿಲ್ಲ.

ಎಲ್ಲರ ಮೋಟಾರನ್ನೂ ಸಮವಾಗಿಡುವುದು ಹೇಗೆ ಎಂಬ ಪ್ರಶ್ನೆಗೆ ಲೋಕದಲ್ಲಿ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡಿದ್ದಾರೆ. ಅಮೆರಿಕದಲ್ಲಿ ಮಾದರಿ ದೋಣಿ ಸ್ಪರ್ಧೆಗಳ ನಿಯಮ ರೂಪಿಸುವ ನಾಂಬಾ ಸಂಸ್ಥೆ ನಾಲ್ಕು ಸೆಲ್ಲಿನ ‘ಪಿ-ಲಿಮಿಟೆಡ್’ ವಿಭಾಗಕ್ಕೆ ಒಪ್ಪಿತ ಮೋಟಾರುಗಳ ಪಟ್ಟಿಯನ್ನು ಇಟ್ಟುಕೊಂಡ ದಾರಿ ಒಂದು. ಆಕ್ವಾಕ್ರಾಫ್ಟ್ ಕಂಪನಿಯ ಯುಎಲ್-1 ದೋಣಿಯಲ್ಲಿ ಬರುತ್ತಿದ್ದ 2030 ಕೆವಿಯ ಮೋಟಾರ್ ಅಲ್ಲಿ ಬಹುಕಾಲ ಮನೆಮಾತಾಗಿತ್ತು. ಪಟ್ಟಿಯ ಗುಣವೆಂದರೆ ಸರಳತೆ: ಲೇಬಲ್ ನೋಡಿದರೆ ಸಾಕು, ವಾದವಿಲ್ಲ. ಆದರೆ ಆಕ್ವಾಕ್ರಾಫ್ಟ್‌ನ ಮಾತೃಸಂಸ್ಥೆ ಹಾಬಿಕೊ 2018ರ ಜನವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು, ಅದರ ಆಸ್ತಿಯ ಒಂದು ಭಾಗವನ್ನು ಅದೇ ವರ್ಷ ಹೊರೈಜನ್ ಹಾಬಿ ಕೊಂಡುಕೊಂಡಿತು. ತಯಾರಕರ ಹೆಸರಿನ ಮೇಲೆ ನಿಂತ ನಿಯಮ ತಯಾರಕರ ಆಯುಸ್ಸನ್ನೇ ನಂಬಿಕೊಂಡಿರುತ್ತದೆ. ಪ್ರತಿ ಬಿಡಿಭಾಗವನ್ನೂ ದೂರದಿಂದ ತರಿಸಿಕೊಳ್ಳಬೇಕಾದ ನಮ್ಮಂಥವರಿಗೆ ಈ ಅಪಾಯ ಇನ್ನೂ ಹೆಚ್ಚು.

ಯೂರೋಪಿನಲ್ಲಿ ಬೇರೂರಿದ, ಮಾದರಿ ದೋಣಿಗಳ ನಾವಿಗಾ ಸಂಸ್ಥೆಯ ನಿಯಮಗಳು ಹಲವು ವಿದ್ಯುತ್ ವಿಭಾಗಗಳಲ್ಲಿ ಮೋಟಾರನ್ನು ಬಿಟ್ಟು ಬ್ಯಾಟರಿಯ ತೂಕವನ್ನು ಹಿಡಿದುಕೊಳ್ಳುತ್ತವೆ. ಇದರ ತರ್ಕ ಗಟ್ಟಿಯಾದದ್ದು. ನಾಲ್ಕು ಸೆಲ್ಲಿನ 5000 ಮಿಲಿಆಂಪ್-ಅವರ್ ಬ್ಯಾಟರಿಯಲ್ಲಿ 74 ವ್ಯಾಟ್-ಅವರ್ ಶಕ್ತಿಯಿದೆ. ಅದರ ಶೇ. 80ನ್ನು ಐದು ನಿಮಿಷಗಳಲ್ಲಿ ಖರ್ಚು ಮಾಡಿದರೆ ಸರಾಸರಿ 710 ವ್ಯಾಟ್ ಮಾತ್ರ ದೊರೆಯುತ್ತದೆ, ಮೋಟಾರ್ ಯಾವುದೇ ಆಗಿರಲಿ. ಸಮಯವನ್ನೂ ಬ್ಯಾಟರಿಯನ್ನೂ ಕಟ್ಟಿಹಾಕಿದರೆ ಮೋಟಾರ್ ತಾನಾಗಿಯೇ ಹದ್ದಿನೊಳಗೆ ಬರುತ್ತದೆ, ಮತ್ತು ತೂಕದ ಯಂತ್ರವೊಂದಿದ್ದರೆ ತಪಾಸಣೆ ಮುಗಿಯುತ್ತದೆ. ಇದು ನನಗೆ ಮೆಚ್ಚುಗೆಯಾದ ದಾರಿಯಾದರೂ ಹೊಸಬರಿಗೆ ಇದು ಹೊಂದುವುದಿಲ್ಲ. ಹಣವಿರುವವರು ದಕ್ಷತೆಯಲ್ಲಿ ಮುಂದಿರುವ ದುಬಾರಿ ಮೋಟಾರನ್ನೂ ಉತ್ಕೃಷ್ಟ ಸೆಲ್ಲುಗಳನ್ನೂ ತರಿಸುತ್ತಾರೆ. ಮೊದಲ ಬಾರಿ ದೋಣಿ ಕಟ್ಟಿದ ಕಾಲೇಜು ವಿದ್ಯಾರ್ಥಿ ಅವರೊಡನೆ ಹೆಣಗಬೇಕಾಗುತ್ತದೆ. ಕಾರುಗಳ ಸ್ಪರ್ಧೆಯಲ್ಲಿ 13.5, 17.5, 21.5 ಎಂದು ತಂತಿಯ ಸುತ್ತುಗಳ ಲೆಕ್ಕದಲ್ಲಿ ವಿಭಾಗ ಮಾಡುವ ರೂಢಿಯಿದೆ, ಆದರೆ ಅದರ ಹಿಂದೆ ಮೋಟಾರುಗಳನ್ನು ಮೊದಲೇ ಪರಿಶೀಲಿಸಿ ಒಪ್ಪಿಗೆ ನೀಡುವ ದೊಡ್ಡ ವ್ಯವಸ್ಥೆ ಇರುತ್ತದೆ. ನಮ್ಮ ಬಳಿ ಅದಿಲ್ಲ.

ನಮಗೆ ಬೇಕಾದದ್ದು ಹೊಂಡದ ದಂಡೆಯ ಮೇಲೆ, ಮೇಜೊಂದರ ಮೇಲೆ, ಎಲ್ಲರ ಕಣ್ಣೆದುರಿನಲ್ಲಿ ಪರೀಕ್ಷಿಸಬಹುದಾದ ನಿಯಮ. ಪರೀಕ್ಷಿಸಲಾಗದ್ದನ್ನು ನಿಷೇಧಿಸುವ ನಿಯಮ ಪ್ರಾಮಾಣಿಕರನ್ನು ಮಾತ್ರ ಕಟ್ಟಿಹಾಕುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ದೃಷ್ಟಿಯಿಂದ 3660 ಮೋಟಾರಿಗೆ ಒಳ್ಳೆಯ ಅಂಕಗಳು ಸಲ್ಲುತ್ತವೆ. ವ್ಯಾಸ ಮತ್ತು ಉದ್ದವನ್ನು ವರ್ನಿಯರ್ ಕ್ಯಾಲಿಪರ್ ಕ್ಷಣದಲ್ಲಿ ತಿಳಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಕೆಲವು ಮೋಟಾರುಗಳ ಹಿಂಬದಿಯ ಮುಚ್ಚಳ ದಪ್ಪನಾಗಿರುವುದರಿಂದ ಒಳಗಿನ ಕಬ್ಬಿಣದ ಭಾಗ ಚಿಕ್ಕದಿದ್ದರೂ ಹೊರಗಿನ ಉದ್ದ ಒಂದೇ ಆಗಿರುತ್ತದೆ, ಇದಕ್ಕೆ ವಿರುದ್ಧವಾದ ಮೋಟಾರೂ ಸಿಗಬಹುದು. ಆದ್ದರಿಂದ ಉದ್ದದ ಜೊತೆಗೆ ತೂಕವನ್ನೂ ನಿಯಮದಲ್ಲಿ ಬರೆಯಬೇಕು, ಅದೂ ಜಾಕೆಟ್ ತೆಗೆದ ಮೇಲಿನ ತೂಕವನ್ನು. ತೂಕ ಹೆಚ್ಚಿದ್ದರೆ ಒಳಗೆ ತಾಮ್ರ, ಕಬ್ಬಿಣ ಅಥವಾ ಅಯಸ್ಕಾಂತ ಹೆಚ್ಚಿದೆ ಎಂದರ್ಥ.

ಕೆವಿಯ ಪರೀಕ್ಷೆ ಇನ್ನೂ ಸ್ವಾರಸ್ಯಕರವಾದದ್ದು. ಬ್ರಶ್‌ಲೆಸ್ ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದೇ ಜನರೇಟರ್ ಆಗುತ್ತದೆ. ನಿಮಿಷಕ್ಕೆ 2,600 ಸುತ್ತು ತಿರುಗುವ ಸಾಮಾನ್ಯ ಡ್ರಿಲ್ ಯಂತ್ರಕ್ಕೆ ಮೋಟಾರಿನ ಶಾಫ್ಟನ್ನು ಕಚ್ಚಿಸಿ, ಮೂರು ತಂತಿಗಳಲ್ಲಿ ಯಾವುದಾದರೂ ಎರಡರ ನಡುವೆ ಮಲ್ಟಿಮೀಟರಿನಲ್ಲಿ ಎ.ಸಿ. ವೋಲ್ಟೇಜ್ ನೋಡಿದರೆ 2000 ಕೆವಿಯ ಮೋಟಾರಿನಲ್ಲಿ ಸುಮಾರು 0.9 ವೋಲ್ಟ್ ಕಾಣುತ್ತದೆ. ಕೆವಿ ಹೆಚ್ಚಿದಷ್ಟೂ ಈ ವೋಲ್ಟೇಜ್ ಕಡಿಮೆಯಾಗುತ್ತದೆ: ಶೇ. 10 ಹೆಚ್ಚು ಕೆವಿಯಿರುವ ಮೋಟಾರಿನಲ್ಲಿ ಓದಿಕೆ 0.8ರ ಹತ್ತಿರಕ್ಕೆ ಇಳಿಯುತ್ತದೆ, ಮತ್ತು ಸಾಧಾರಣ ಮೀಟರ್ ಕೂಡ ಇದನ್ನು ತೋರಿಸುತ್ತದೆ. ಡ್ರಿಲ್ಲಿನ ನಿಖರ ವೇಗ ನಮಗೆ ತಿಳಿದಿರಬೇಕಾಗಿಲ್ಲ. ಅಂಗಡಿಯ ತೂಕದ ಕಲ್ಲುಗಳನ್ನು ಮುದ್ರೆಯೊತ್ತಿದ ಕಲ್ಲಿಗೆ ಹೋಲಿಸಿ ನೋಡುವಂತೆ, ಗುಂಪಿನ ವಶದಲ್ಲಿರುವ ಒಂದು ಮಾದರಿ ಮೋಟಾರನ್ನು ಮೊದಲು ತಿರುಗಿಸಿ, ಅದೇ ಡ್ರಿಲ್ಲಿನಲ್ಲಿ ಸ್ಪರ್ಧಿಯ ಮೋಟಾರನ್ನೂ ತಿರುಗಿಸಿದರೆ ಸಾಕು.

ನಾವು ಒಟ್ಟಾಗಿ ತರಿಸಿದ ಮೋಟಾರುಗಳನ್ನು ಹೀಗೆ ಪರೀಕ್ಷಿಸಿದಾಗ ಹೆಚ್ಚಿನವು ಪರಸ್ಪರ ಬಹಳ ಹತ್ತಿರವಿದ್ದವು, ಒಂದು ಮಾತ್ರ ಅದೇ ಲೇಬಲ್ ಹೊತ್ತು ಗಮನಾರ್ಹವಾಗಿ ಕಡಿಮೆ ವೋಲ್ಟೇಜ್ ತೋರಿಸಿತು. ಯಾರೂ ಅದನ್ನು ತೆರೆದಿರಲಿಲ್ಲ. ಪೆಟ್ಟಿಗೆಯಿಂದ ಹೊರಬಂದದ್ದೇ ಹಾಗೆ. ಮಾರಾಟಗಾರರು ಬದಲಿಸಿಕೊಡಲು ಒಪ್ಪಲಿಲ್ಲ, ಲೇಬಲ್ ಸರಿಯಾಗಿದೆ ಎಂಬುದು ಅವರ ಉತ್ತರವಾಗಿತ್ತು. ಈ ಬೆಲೆಯ ಮೋಟಾರುಗಳ ದೊಡ್ಡ ಕೊರತೆಯೇ ಇದು, ಮತ್ತು ಲೇಬಲ್ ಆಧಾರಿತ ನಿಯಮ ಇಂಥ ಮೋಟಾರನ್ನು ಗುರುತಿಸಲಾರದು. ಅದು ಯಾರ ಕೈಗೆ ಸಿಗುತ್ತದೋ ಅವರು ನ್ಯಾಯವಾಗಿಯೇ ಗೆಲ್ಲುತ್ತಾರೆ, ಆದರೆ ಗೆಲುವು ಅವರ ಕೈಚಳಕದ್ದಾಗಿರುವುದಿಲ್ಲ.

ಉಷ್ಣತೆಯ ವಿಷಯಕ್ಕೆ ಬಂದರೆ ಮೋಟಾರಿನ ಸ್ವಭಾವವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಳಗಿರುವುದು ನಿಯೋಡಿಮಿಯಂ ಅಯಸ್ಕಾಂತ. ಇದರ ಸಾಮಾನ್ಯ ದರ್ಜೆ ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಸುರಕ್ಷಿತ, ‘ಎಸ್‌ಎಚ್’ ದರ್ಜೆ ಸುಮಾರು 150 ಡಿಗ್ರಿಯವರೆಗೆ ತಾಳುತ್ತದೆ. ನಾವು ಕೊಂಡ ಮೋಟಾರಿನ ಪೆಟ್ಟಿಗೆಯ ಮೇಲೆ ದರ್ಜೆಯ ಉಲ್ಲೇಖವಿಲ್ಲ. ಮಿತಿಮೀರಿ ಕಾದ ಅಯಸ್ಕಾಂತ ತನ್ನ ಬಲದ ಒಂದು ಭಾಗವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಆಗ ಮೋಟಾರಿನ ಕೆವಿ ಇಳಿಯುವುದಿಲ್ಲ, ಏರುತ್ತದೆ! ಪ್ರತಿ ಆಂಪಿಯರಿಗೆ ಸಿಗುವ ತಿರುಚುಬಲ ಕಡಿಮೆಯಾಗಿ, ಅದೇ ಪ್ರೊಪೆಲ್ಲರಿಗೆ ಹೆಚ್ಚು ಕರೆಂಟ್ ಎಳೆದು, ಇನ್ನೂ ಬೇಗ ಕಾಯುತ್ತದೆ. ಹೀಗಾಗಿ ಯಾವ ದುರುದ್ದೇಶವೂ ಇಲ್ಲದ ಸ್ಪರ್ಧಿಯೊಬ್ಬರ ಮೋಟಾರ್ ಒಂದು ಬಿರುಬೇಸಿಗೆಯ ಭಾನುವಾರ ಬಿಸಿಯಾಗಿ, ಮುಂದಿನ ಬಾರಿ ಕೆವಿ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಬಹುದು. ನಿಯಮದ ಮಾತಿನಲ್ಲಿ ಇದನ್ನು ಎಂದೂ ಮೋಸ ಎಂದು ಬರೆಯಬಾರದು. ಮೋಟಾರ್ ಮಿತಿಯಲ್ಲಿಲ್ಲ, ಆದ್ದರಿಂದ ಓಡುವಂತಿಲ್ಲ ಎಂದಷ್ಟೇ ಬರೆದರೆ ಸ್ನೇಹವೂ ಉಳಿಯುತ್ತದೆ, ನಿಯಮವೂ ಉಳಿಯುತ್ತದೆ.

ಜೊತೆಗೆ ಬಂದ ನೀರಿನ ಜಾಕೆಟ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಹೊಂಡದ ನೀರಿನಲ್ಲಿ ಪಾಚಿ ಮತ್ತು ಮಣ್ಣು ಇರುವುದರಿಂದ ಅದರ ಸಪೂರ ನಳಿಕೆಗಳನ್ನು ಪ್ರತಿ ಓಟದ ನಂತರ ಊದಿ ಶುಚಿಗೊಳಿಸಬೇಕು. ಬೇರಿಂಗುಗಳು ಸಾಧಾರಣ ಉಕ್ಕಿನವು, ಎಣ್ಣೆ ಹಾಕದೆ ಬಿಟ್ಟರೆ ತುಕ್ಕು ಹಿಡಿಯುತ್ತವೆ. ನಿಯಮದಲ್ಲಿ ಬೇರಿಂಗ್ ಬದಲಿಸಲು ಮುಕ್ತ ಅವಕಾಶ ಕೊಡಬೇಕು. ತುಕ್ಕು ಹಿಡಿದ ಬೇರಿಂಗನ್ನು ನಿಯಮದ ಹೆಸರಿನಲ್ಲಿ ಉಳಿಸಿಕೊಳ್ಳುವುದರಿಂದ ಯಾರಿಗೂ ಲಾಭವಿಲ್ಲ.

ಡ್ರಿಲ್ ಪರೀಕ್ಷೆಗೂ ಒಂದು ಮಿತಿಯಿದೆ. ಒಳಗಿನ ತಂತಿಯ ಸುತ್ತುಗಳ ಸಂಖ್ಯೆಯನ್ನು ಬದಲಿಸದೆ, ದಪ್ಪ ತಂತಿಯಿಂದ ಬಿಗಿಯಾಗಿ ಮರುಸುತ್ತಿದ ಮೋಟಾರಿನ ಕೆವಿ ಮೊದಲಿನಷ್ಟೇ ಇರುತ್ತದೆ. ಆದರೆ ಅದರ ರೋಧ ಕಡಿಮೆಯಾಗಿ, ಭಾರ ಬಿದ್ದಾಗ ಅದು ಉಳಿದವುಗಳಿಗಿಂತ ಕಡಿಮೆ ಸೊರಗುತ್ತದೆ. ಈ ರೋಧ ಕೆಲವೇ ಮಿಲಿಓಮ್‌ಗಳಷ್ಟಿರುವುದರಿಂದ ಸಾಮಾನ್ಯ ಮಲ್ಟಿಮೀಟರಿನಿಂದ ಅಳೆಯಲಾಗದು, ನಾಲ್ಕು ತಂತಿಯ ಮಿಲಿಓಮ್ ಮೀಟರ್ ಬೇಕು. ಈ ಮೋಟಾರಿನ ಹಿಂಬದಿಯ ಮುಚ್ಚಳ ಸ್ಕ್ರೂಗಳ ಮೇಲೆ ನಿಂತಿರುವುದು ಇಲ್ಲಿ ನೆರವಿಗೆ ಬರುತ್ತದೆ. ಬೇರಿಂಗ್ ಬದಲಿಸಲು ಅದನ್ನು ಬಿಚ್ಚಲೇಬೇಕಾದ್ದರಿಂದ ಪೂರ್ತಿ ಸೀಲ್ ಮಾಡುವುದು ಸಾಧ್ಯವಿಲ್ಲ, ಆದರೆ ಅನುಮಾನ ಬಂದಾಗ ಗುಂಪಿನ ಎದುರು ತೆರೆದು ಕಾರ್ಖಾನೆಯ ಸುತ್ತುವಿಕೆಯನ್ನು ಮಾದರಿ ಮೋಟಾರಿನೊಂದಿಗೆ ಹೋಲಿಸಿ ನೋಡಬಹುದು. ಕಾರ್ಟಿಂಗ್ ಎಂಬ ಪುಟ್ಟ ಕಾರುಗಳ ಸ್ಪರ್ಧೆಗಳಲ್ಲಿ ಈ ಸಮಸ್ಯೆಯನ್ನು ಬಗೆಹರಿಸಿದ ರೀತಿ ಗಮನಾರ್ಹ. ನಮ್ಮ ನಗರದ ಮೆಕೊ ಕಾರ್ಟೋಪಿಯಾ ಎಂಬ ಕಾರ್ಟಿಂಗ್ ಟ್ರ್ಯಾಕಿನವರಿಗೆ ಪರಿಚಿತವಾದ ರೋಟ್ಯಾಕ್ಸ್ ಮ್ಯಾಕ್ಸ್ ಎಂಜಿನುಗಳಿಗೆ ಸಂಖ್ಯೆ ನಮೂದಿಸಿದ ಸೀಲ್ ಇರುತ್ತದೆ, ಅದರ ಜಾಗತಿಕ ಫೈನಲ್ಸ್‌ನಲ್ಲಿ ಎಂಜಿನುಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಋತುವಿನ ಕೊನೆಯ ಸ್ಪರ್ಧೆಯಲ್ಲಾದರೂ ಗುಂಪಿನ ಮೋಟಾರುಗಳನ್ನು ಚೀಟಿಯ ಮೂಲಕ ಹಂಚುವುದು ನಮಗೂ ಅಸಾಧ್ಯವಲ್ಲ, ಏಕೆಂದರೆ ಎಲ್ಲರ ಮೋಟಾರಿನ ಬುಡದ ತೂತುಗಳ ಅಂತರವೂ ಶಾಫ್ಟೂ ಒಂದೇ.

ಮೋಟಾರಿಗೆ ಕರೆಂಟ್ ಹರಿಸುವ ಸ್ಪೀಡ್ ಕಂಟ್ರೋಲರಿನ ಟೈಮಿಂಗ್, ಅಂದರೆ ಸುರುಳಿಗಳಿಗೆ ಕರೆಂಟ್ ಕೊಡುವ ಗಳಿಗೆಯ ಬಗ್ಗೆ ಗುಂಪಿನಲ್ಲಿ ಭಿನ್ನಾಭಿಪ್ರಾಯವಿದೆ. ಆ ಗಳಿಗೆಯನ್ನು ಮುಂಚಿತವಾಗಿಸಿ ಟೈಮಿಂಗ್ ಏರಿಸಿದರೆ ಸುತ್ತುಗಳೂ ಕರೆಂಟೂ ಉಷ್ಣತೆಯೂ ಏರುತ್ತವೆ ಎಂಬುದು ನಿಜ. ಆದರೆ ಹತ್ತು ಬಗೆಯ ಕಂಟ್ರೋಲರುಗಳ ಒಳಗಿನ ಸೆಟ್ಟಿಂಗನ್ನು ದಂಡೆಯ ಮೇಲೆ ನೋಡುವ ಉಪಾಯವಿಲ್ಲ. ಅದನ್ನು ಮುಕ್ತವಾಗಿ ಬಿಟ್ಟು, ಪ್ರೊಪೆಲ್ಲರಿನ ವ್ಯಾಸ ಮತ್ತು ಬ್ಯಾಟರಿಯ ಗಾತ್ರವನ್ನು ನಿಗದಿಪಡಿಸುವುದೇ ಮೇಲು. ದುರಾಸೆಯಿಂದ ಟೈಮಿಂಗ್ ಏರಿಸಿದವರ ಬ್ಯಾಟರಿ ಓಟ ಮುಗಿಯುವ ಮೊದಲೇ ಬರಿದಾಗುತ್ತದೆ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ವೇಗಕ್ಕಾಗಿ ಒಂದೇ ಮೋಟಾರ್ ಕೊಳ್ಳುವವರು ಇನ್ನಷ್ಟು ಹಣ ಹಾಕಿ ಅಯಸ್ಕಾಂತದ ದರ್ಜೆಯನ್ನು ಸ್ಪಷ್ಟವಾಗಿ ಹೇಳುವ ತಯಾರಕರ ಕಡೆ ಹೋಗಬಹುದು. ವಿಭಾಗ ಕಟ್ಟುವ ಗುಂಪಿಗೆ ಮಾತ್ರ ಈ 3660 ಮೋಟಾರನ್ನು ನಾನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ, ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿತವಾದ ಒಂದು ಅಂಕ ಲೇಬಲ್ಲಿಗೂ ಮೋಟಾರಿಗೂ ನಡುವಿನ ಅಂತರಕ್ಕೆ. ಬಿಡಿಬಿಡಿಯಾಗಿ ಕೊಳ್ಳದೆ ಇಡೀ ಗುಂಪಿಗೆ ಬೇಕಾದಷ್ಟನ್ನು ಒಂದೇ ಸಲ ತರಿಸಿ. ಬಂದ ದಿನವೇ ಎಲ್ಲವನ್ನೂ ಡ್ರಿಲ್ಲಿಗೆ ಹಾಕಿ ಓದಿಕೆಯನ್ನು ಬರೆದಿಡಿ, ನಡುವಿನ ಓದಿಕೆಯ ಮೋಟಾರನ್ನು ಮಾದರಿಯಾಗಿ ಪ್ರತ್ಯೇಕಿಸಿ, ಉಳಿದವುಗಳ ಮೇಲೆ ಕ್ರಮಸಂಖ್ಯೆಯನ್ನು ಕೆತ್ತಿಸಿ. ನಾವು ಬರೆದಿರುವ ಕರಡು ನಿಯಮದಲ್ಲಿ ತಯಾರಕರ ಹೆಸರಿಲ್ಲ: 36 ಮಿಲಿಮೀಟರ್ ವ್ಯಾಸ, 60 ಮಿಲಿಮೀಟರ್ ಉದ್ದ, ಮಾದರಿಗಿಂತ ಹೆಚ್ಚಿಲ್ಲದ ತೂಕ, ಮಾದರಿಗಿಂತ ಶೇ. 5ಕ್ಕಿಂತ ಹೆಚ್ಚು ಏರದ ಕೆವಿ, ನಾಲ್ಕು ಸೆಲ್ಲಿನ ಬ್ಯಾಟರಿ. ಆ ಶೇ. 5 ಕೂಡ ಶಕ್ತಿಯ ಲೆಕ್ಕದಲ್ಲಿ ಶೇ. 16ರಷ್ಟಾಗುವುದರಿಂದ ಅದನ್ನು ಶೇ. 3ಕ್ಕೆ ಇಳಿಸಬೇಕೆಂದು ನಾನು ವಾದಿಸುತ್ತಿದ್ದೇನೆ. ಇನ್ನೂ ಒಂದು ಸರಕು ಬಂದು ಅದರ ಓದಿಕೆಗಳು ಎಷ್ಟು ಹರಡಿಕೊಂಡಿವೆ ಎಂದು ನೋಡಿದ ಮೇಲೆ ಆ ಅಂಕಿಯನ್ನು ಗುಂಪು ತೀರ್ಮಾನಿಸಲಿದೆ.