ಜೀಪಿನ ತುಕ್ಕಿಗೆ ಕರೆಂಟೋ, ಕಾಕಂಬಿಯೋ, ಮರಳೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎಲೆಕ್ಟ್ರೊಲಿಸಿಸ್‌ಗೆ, ಅಂದರೆ ಸೋಡಾ ನೀರಿನಲ್ಲಿ ಕರೆಂಟು ಹರಿಸಿ ತುಕ್ಕು ಬಿಡಿಸುವುದಕ್ಕೆ. ಒಂದು ತೊಟ್ಟಿ ನೀರು, ಬಟ್ಟೆ ಒಗೆಯುವ ಸೋಡಾ, 12 ವೋಲ್ಟಿನ ಚಾರ್ಜರ್, ಮನೆ ಕಟ್ಟಿದಾಗ ಉಳಿದ ಕಂಬಿಯ ತುಂಡುಗಳು. ಹಳೆಯ ಜೀಪಿನ ತಗಡಿನ ತುಕ್ಕು ಬಿಡಿಸಲು ಇಷ್ಟು ಸಾಕು. ಒತ್ತಡದಲ್ಲಿ ಮರಳಿನ ಕಾಳು ಬಡಿಸುವ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದ್ದೇನೆ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಪಾಕ, ಅಂದರೆ ಕಾಕಂಬಿಯಲ್ಲಿ ನೆನೆಹಾಕಿದ್ದೇನೆ, ಆಸಿಡ್ ಕೂಡ ನೋಡಿಯಾಗಿದೆ. ಕೆಲವು ಭಾಗಗಳಿಗೆ ಅವೇ ಸರಿ. ಆದರೆ ಮನೆಯ ಹಿಂದಿನ ಶೆಡ್ಡಿನಲ್ಲಿ, ರಜೆಯ ದಿನ ಮಾತ್ರ ಪಾನಾ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಗಾಡಿ ಮಹೀಂದ್ರ ಸಿಜೆ3ಬಿ, ಪೆಟ್ರೋಲ್. ಸಕಲೇಶಪುರದ ಕಡೆಯ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ ಹೊತ್ತು ದುಡಿದದ್ದು. ಆಮೇಲೆ ಶೀಟಿನ ಕೆಳಗೆ ಮಳೆಗಾಲಗಳನ್ನು ಕಳೆದದ್ದು. ಮಲೆನಾಡಿನಲ್ಲಿ ನಿಂತ ಗಾಡಿಗೆ ನೇರವಾಗಿ ಮಳೆ ಬೀಳಬೇಕಂತಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯ ತೇವವೇ ಸಾಕು. ಮಡ್‌ಗಾರ್ಡಿನ ಒಳಮೈ, ವಿಂಡ್‌ಶೀಲ್ಡ್ ಫ್ರೇಮಿನ ಕೆಳಅಂಚು, ಟೇಲ್‌ಗೇಟಿನ ಮಡಿಕೆ, ಎಲ್ಲೆಲ್ಲಿ ತಗಡು ಎರಡು ಪದರವಾಗಿದೆಯೋ ಅಲ್ಲೆಲ್ಲ ಕೆಂಪು ಪುಡಿ.

ಹೊಸ ಬಾಡಿಯನ್ನೇ ತರಿಸಿಬಿಡು ಎಂದವರು ಬಹಳ ಜನ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪಿನ ಬಾಡಿ ಹೊಸದಾಗಿ ಮಾಡಿಕೊಡುತ್ತಾರೆ, ಲಾರಿಯಲ್ಲಿ ಬಂದಿಳಿಯುತ್ತದೆ, ತುಕ್ಕಿನ ಗೋಜೇ ಇಲ್ಲ. ನನಗದು ಬೇಡವಾಗಿತ್ತು. ಕಾರಣ ಬರೀ ಮಮತೆಯಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ತಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ವಿಂಟೇಜ್ ಎನಿಸಿಕೊಳ್ಳಲು ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಾಗಿ ಕಾರ್ಖಾನೆಯಿಂದ ಬಂದ ತಗಡನ್ನೇ ಉಳಿಸಿಕೊಳ್ಳುವುದು ಎಂದು ತೀರ್ಮಾನವಾಯಿತು.

ಮೊದಲು ದುಡ್ಡು ಕೊಟ್ಟದ್ದು ಸ್ಯಾಂಡ್ ಬ್ಲಾಸ್ಟಿಂಗಿಗೆ. ಚಾಸಿ, ಆಕ್ಸಲ್ ಹೌಸಿಂಗ್, ಬಾನೆಟ್ ಮೂರೂ ಒಂದೇ ವರ್ಕ್‌ಶಾಪಿಗೆ ಹೋದವು. ಚಾಸಿ ಬಂದಾಗ ನೋಡಿ ಕಣ್ಣು ತಂಪಾಯಿತು. ಗ್ರೀಸ್, ಹಳೆಯ ಬಣ್ಣ, ತುಕ್ಕು, ಯಾರೋ ಯಾವಾಗಲೋ ಬಳಿದ ಡಾಂಬರು ಎಲ್ಲ ಹೋಗಿ ಬೂದು ಕಬ್ಬಿಣ ಹೊಳೆಯುತ್ತಿತ್ತು. ಚಾಸಿಗೆ ಇದೊಂದೇ ದಾರಿ. ಅಷ್ಟು ಉದ್ದದ್ದನ್ನು ಮುಳುಗಿಸುವ ತೊಟ್ಟಿ ಯಾರ ಮನೆಯಲ್ಲೂ ಇರುವುದಿಲ್ಲ.

ಬಾನೆಟ್ ಮಾತ್ರ ಅಲೆಅಲೆಯಾಗಿ ಬಂತು. ಸಿಜೆ3ಬಿಯ ಬಾನೆಟ್ ಬಲ್ಲವರಿಗೆ ಇದರ ಸಂಕಟ ಗೊತ್ತಾಗುತ್ತದೆ. ಒಳಗಿರುವ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವು ಮೇಲೆ ಸಿಲಿಂಡರ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವು ಕೆಳಗೆ ಬ್ಲಾಕಿನಲ್ಲಿದೆ. ಹಾಗಾಗಿ ಎಂಜಿನ್ ಎತ್ತರ, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರ, ಪಕ್ಕದ ಗೋಡೆಗಳು ಅಗಲ ಮತ್ತು ಚಪ್ಪಟೆ. ಚಪ್ಪಟೆ ತಗಡಿನ ಮೇಲೆ ಒತ್ತಡದಲ್ಲಿ ಕಾಳು ಬಡಿದಾಗ ಪ್ರತಿ ಕಾಳೂ ಒಂದು ಸಣ್ಣ ಸುತ್ತಿಗೆ ಏಟೇ. ಹೊಡೆತ ಬಿದ್ದ ಮೈ ಹಿಗ್ಗುತ್ತದೆ, ಹಿಂದಿನ ಮೈ ಹಾಗೇ ಇರುತ್ತದೆ, ತಗಡು ಉಬ್ಬುತ್ತದೆ. ಬಿಸಿಯಿಂದ ಹೀಗಾಗುತ್ತದೆ ಎಂದು ಹಲವರು ಹೇಳುತ್ತಾರೆ. ಬಹುಪಾಲು ಆಗುವುದು ಈ ಹೊಡೆತದಿಂದಲೇ. ಒತ್ತಡ ಇಳಿಸಿ, ಸಣ್ಣ ಕಾಳು ಹಾಕಿ, ಪೈಪನ್ನು ಓರೆಯಾಗಿ ಹಿಡಿದು ದೂರದಿಂದ ಹೊಡೆದರೆ ತಗಡು ಉಳಿಯುತ್ತದೆ. ಆದರೆ ಗೇಟು, ಗ್ರಿಲ್ಲು, ಚಾಸಿ ಹೊಡೆದೇ ಅಭ್ಯಾಸವಿರುವ ಕೈಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಗ್ಯಾಸ್ ಟಾರ್ಚಿನಲ್ಲಿ ಚುಕ್ಕಿ ಚುಕ್ಕಿ ಕಾಯಿಸಿ, ಒದ್ದೆ ಬಟ್ಟೆಯಿಂದ ತಣಿಸಿ, ತಗಡನ್ನು ಮತ್ತೆ ಕುಗ್ಗಿಸಿ ಕೊಟ್ಟರು. ಆ ಮಜೂರಿ ಬ್ಲಾಸ್ಟಿಂಗಿಗೆ ಕೊಟ್ಟದ್ದಕ್ಕಿಂತ ಜಾಸ್ತಿಯಾಯಿತು.

ಇನ್ನೂ ಎರಡು ಮಾತು ಬ್ಲಾಸ್ಟಿಂಗ್ ಬಗ್ಗೆ. ಮನೆಯಲ್ಲೇ ಕಂಪ್ರೆಸರ್ ಇಟ್ಟು ಹೊಳೆಮರಳು ಹೊಡೆಯುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ, ಆ ಸಿಲಿಕಾ ಧೂಳು ಪುಪ್ಪುಸಕ್ಕೆ ಹೋದರೆ ವಾಪಸು ಬರುವುದಿಲ್ಲ. ಮತ್ತೆ, ಬ್ಲಾಸ್ಟಿಂಗ್ ಆದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ನಮ್ಮ ಕಡೆಯ ಹವೆಯಲ್ಲಿ ರಾತ್ರಿ ಕಳೆದರೆ ಬೆಳಗ್ಗೆ ಅರಿಶಿನ ಬಣ್ಣ ಬಂದಿರುತ್ತದೆ.

ಈಗ ಎಲೆಕ್ಟ್ರೊಲಿಸಿಸ್. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ, ಅಂದರೆ 200 ಲೀಟರಿನ ನೀಲಿ ಡ್ರಮ್ಮಿಗೆ ಮುಕ್ಕಾಲರಿಂದ ಒಂದು ಕೆಜಿ. ಚಾರ್ಜರಿನ ಮೈನಸ್ ಜೀಪಿನ ಭಾಗಕ್ಕೆ, ಪ್ಲಸ್ ಕಂಬಿಯ ತುಂಡುಗಳಿಗೆ. ಅದಲು ಬದಲಾದರೆ ಕಂಬಿ ಉಳಿಯುತ್ತದೆ, ಜೀಪು ಕರಗುತ್ತದೆ. ಗಾಡಿಯಲ್ಲಿ ಬಾಡಿಗೆ ಮೈನಸ್ಸೇ ಬರುವುದು ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಕರೆಂಟು ಹರಿದ ಕೂಡಲೇ ಭಾಗದ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಹೈಡ್ರೋಜನ್. ಕೆಂಪು ತುಕ್ಕು ಕಪ್ಪಾಗಿ ಸಡಿಲಗೊಳ್ಳುತ್ತದೆ, ಮಾರನೆಯ ದಿನ ತಂತಿಯ ಬ್ರಷ್ಷಿಗೆ ಸುಮ್ಮನೆ ಉದುರುತ್ತದೆ. ಒಳ್ಳೆಯ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ನಾನು ಇದಕ್ಕೆ ಮನಸೋತದ್ದು ಇಲ್ಲೇ. ಟೇಲ್‌ಗೇಟಿನ ಮೇಲೆ ಒತ್ತಿದ ಅಕ್ಷರಗಳ ಅಂಚು ಹೊಸದರಂತೆ ಚೂಪಾಗಿ ಎದ್ದು ಬಂತು. ಬ್ಲಾಸ್ಟಿಂಗಿನಲ್ಲಿ ಆ ಅಂಚು ಮೊಂಡಾಗುತ್ತಿತ್ತು.

ಮಡ್‌ಗಾರ್ಡಿನಂಥ ದೊಡ್ಡ ಭಾಗಕ್ಕೆ ಡ್ರಮ್ಮು ಸಾಲದು. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಅಡಿಕೆ ಒಣಗಿಸುವ ಟಾರ್ಪಾಲು ಎರಡು ಮಡಿಕೆ ಹಾಸಿ ತೊಟ್ಟಿ ಮಾಡಿದೆ. ಕೆಲಸ ಮುಗಿದರೆ ಇಟ್ಟಿಗೆ ಬಿಚ್ಚಿಡಬಹುದು.

ಕಿರಿಕಿರಿ ಬಂದದ್ದು ಚಾರ್ಜರಿನಿಂದ, ಈ ದಾರಿ ಹಿಡಿಯುವ ಪ್ರತಿಯೊಬ್ಬರೂ ಅಲ್ಲೇ ಎಡವುತ್ತಾರೆ. ಅಂಗಡಿಯಲ್ಲಿ ಈಗ ಸಿಗುವ ಚಾರ್ಜರುಗಳು ಹೆಚ್ಚಿನವು ಸ್ಮಾರ್ಟ್. ಕ್ಲಿಪ್ ಹಾಕಿದ ತಕ್ಷಣ ಅದು ಮೊದಲು ಆ ಕಡೆ ಬ್ಯಾಟರಿ ಇದೆಯೇ ಎಂದು ನೋಡುತ್ತದೆ. ಸೋಡಾ ನೀರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಎಲ್ಲಿಂದ ಬರಬೇಕು? ಕೆಂಪು ದೀಪ ಮಿನುಗಿಸಿ ಸುಮ್ಮನಾಗುತ್ತದೆ. ಗುಳ್ಳೆ ಇಲ್ಲ, ಬಿಸಿ ಇಲ್ಲ, ಏನೂ ಇಲ್ಲ. ಹೊಸ ಚಾರ್ಜರ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ದರೆ ಅವರು ಬ್ಯಾಟರಿಗೆ ಹಾಕಿ ತೋರಿಸುತ್ತಾರೆ, ಚೆನ್ನಾಗಿಯೇ ಇರುತ್ತದೆ. ಡಬ್ಬದ ಮೇಲೆ ಇದರ ಬಗ್ಗೆ ಒಂದಕ್ಷರವೂ ಬರೆದಿರುವುದಿಲ್ಲ.

ಒಂದು ಉಪಾಯ, ಹಳೆಯ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜರಿಗೆ ಜೋಡಿಸಿ, ಆ ಬ್ಯಾಟರಿಯಿಂದ ತೊಟ್ಟಿಗೆ ವೈರ್ ಎಳೆಯುವುದು. ಚಾರ್ಜರಿಗೆ ಬ್ಯಾಟರಿ ಕಾಣುತ್ತದೆ, ಕರೆಂಟು ಬಿಡುತ್ತದೆ. ಕೆಲಸವೇನೋ ನಡೆಯಿತು. ಆದರೆ ನಮ್ಮೂರಿನಲ್ಲಿ ಮಳೆ ಗಾಳಿ ಬಂದರೆ ಲೈನು ಹೋಗುತ್ತದೆ, ಆಗ ತೊಟ್ಟಿ ಬ್ಯಾಟರಿಯನ್ನೇ ಹೀರುತ್ತಾ ಕೂರುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಪೂರಾ ಇಳಿದಿರುತ್ತದೆ. ಅಷ್ಟು ಇಳಿದ ಬ್ಯಾಟರಿಯನ್ನು ಸ್ಮಾರ್ಟ್ ಚಾರ್ಜರ್ ಬ್ಯಾಟರಿ ಎಂದೇ ಒಪ್ಪುವುದಿಲ್ಲ, ಕತೆ ಮತ್ತೆ ಮೊದಲಿಗೇ ಬಂತು. ಲೆಡ್ ಆಸಿಡ್ ಬ್ಯಾಟರಿಯನ್ನು ಹೀಗೆ ಪದೇ ಪದೇ ಬರಿದು ಮಾಡಿದರೆ ಅದು ಬೇಗ ಸಾಯುತ್ತದೆ ಕೂಡ. ಕಂಪ್ಯೂಟರಿನ ಹಳೆಯ ಪವರ್ ಸಪ್ಲೈಯನ್ನೂ ಹಚ್ಚಿದೆ, ಹಸಿರು ವೈರನ್ನು ಕಪ್ಪಿಗೆ ಸೇರಿಸಿದರೆ ಅದು ಶುರುವಾಗುತ್ತದೆ, ಹಳದಿ ವೈರಿನಲ್ಲಿ 12 ವೋಲ್ಟು. ಸಣ್ಣ ಬ್ರಾಕೆಟ್ಟು, ಹಿಂಜುಗಳಿಗೆ ಪರವಾಗಿಲ್ಲ. ಮಡ್‌ಗಾರ್ಡ್ ಇಳಿಸಿದರೆ ಕರೆಂಟು ಜಾಸ್ತಿ ಎಳೆದು ಟ್ರಿಪ್ ಆಗುತ್ತದೆ.

ಕೊನೆಗೆ ಪರಿಹಾರ ಸಿಕ್ಕಿದ್ದು ಗುಜರಿಯಲ್ಲಿ. ಬ್ಯಾಟರಿ ಅಂಗಡಿಗಳಲ್ಲಿ ಹಿಂದೆ ಇರುತ್ತಿದ್ದ, ಭಾರದ ಟ್ರಾನ್ಸ್‌ಫಾರ್ಮರ್ ಚಾರ್ಜರ್. ತಗಡಿನ ಪೆಟ್ಟಿಗೆ, ಮುಂದೆ ಮುಳ್ಳಿನ ಆಂಪ್ ಮೀಟರ್, ಒಂದು ತಿರುಗಿಸುವ ಸ್ವಿಚ್ಚು. ಅದು ಏನನ್ನೂ ಕೇಳುವುದಿಲ್ಲ, ಆನ್ ಮಾಡಿದರೆ ಕೊಡುತ್ತದೆ. ಮೀಟರಿನ ಮುಳ್ಳು ನೋಡಿ ಕಂಬಿಯನ್ನು ಹತ್ತಿರ ದೂರ ಸರಿಸಿದರೆ ಕರೆಂಟು ನಮಗೆ ಬೇಕಾದ ಹಾಗೆ ಬರುತ್ತದೆ. ಲೈನು ಹೋದರೂ ಚಿಂತೆಯಿಲ್ಲ. ಸೋಡಾ ನೀರು ಕ್ಷಾರ, ಅದರೊಳಗೆ ಮುಳುಗಿದ ಕಬ್ಬಿಣ ಸುಮ್ಮನೆ ಬಿದ್ದಿದ್ದರೂ ಬೇಗ ತುಕ್ಕು ಹಿಡಿಯುವುದಿಲ್ಲ. ವೈಂಡಿಂಗ್ ಅಂಗಡಿಯವರಿಗೆ ಹೇಳಿದರೆ ಹೊಸದಾಗಿಯೂ ಮಾಡಿಕೊಡುತ್ತಾರೆ. ನೀವು ಈ ಕೆಲಸಕ್ಕೆ ಇಳಿಯುವುದಾದರೆ ಚಾರ್ಜರ್ ವಿಷಯ ಇತ್ಯರ್ಥ ಮಾಡಿಕೊಂಡೇ ಡ್ರಮ್ಮಿಗೆ ಕೈ ಹಾಕಿ.

ಜಾಗ್ರತೆಯ ಮಾತುಗಳಲ್ಲಿ ಯಾವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕಂಬಿಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬಾರದು, ಅದರೊಳಗಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಸೋಡಾ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ. ತೊಟ್ಟಿ ಬಯಲಲ್ಲೇ ಇರಲಿ, ಹತ್ತಿರ ಬೀಡಿ, ವೆಲ್ಡಿಂಗ್ ಯಾವುದೂ ಬೇಡ, ಸ್ವಿಚ್ ಆಫ್ ಮಾಡಿದ ಮೇಲೆಯೇ ಕ್ಲಿಪ್ಪು ತೆಗೆಯಿರಿ. ಸ್ಪ್ರಿಂಗು, ಹೈ ಟೆನ್ಸೈಲ್ ಬೋಲ್ಟುಗಳನ್ನು ಇಳಿಸಬೇಡಿ, ಹೈಡ್ರೋಜನ್ ಒಳಸೇರಿ ಅವು ಪೆಡಸಾಗುತ್ತವೆ. ಉಳಿದ ಕಪ್ಪು ಕೆಸರನ್ನು ತೋಟಕ್ಕಾಗಲಿ ಬಾವಿಯ ಕಡೆಗಾಗಲಿ ಚೆಲ್ಲಬೇಡಿ, ತೊಟ್ಟಿಯಲ್ಲಿ ಎದ್ದು ಬರುವ ಹಳೆಯ ಬಣ್ಣದಲ್ಲಿ ಸೀಸ ಇರುವುದು ಮಾಮೂಲು.

ಎಲೆಕ್ಟ್ರೊಲಿಸಿಸ್‌ನ ನಿಜವಾದ ಕೊರತೆ ಎಂದರೆ ಕಂಬಿಗೆ ಎದುರಾದ ಮೈ ಚೆನ್ನಾಗಿ ಬಿಡುತ್ತದೆ, ಮರೆಯಾದದ್ದು ಹಿಂದೆ ಬೀಳುತ್ತದೆ. ಸುತ್ತ ಕಂಬಿ ನಿಲ್ಲಿಸಿ, ಭಾಗವನ್ನು ತಿರುಗಿಸಿ ಹಾಕಬೇಕು. ಕೊಳವೆಯ ಒಳಗೆ, ಪೆಟ್ಟಿಗೆಯ ಒಳಗೆ ಅದು ತಲುಪುವುದೇ ಇಲ್ಲ.

ಕಾಕಂಬಿ ಗೆಲ್ಲುವುದು ಅಲ್ಲಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ಮುಳುಗಿಸಿಟ್ಟರೆ, ಕಾಕಂಬಿಯಲ್ಲಿರುವ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ನೀರು ಹೋದ ಕಡೆಯೆಲ್ಲ ಕೆಲಸ ನಡೆಯುತ್ತದೆ, ಕರೆಂಟು ಬೇಡ, ಕಾಯುವವರು ಬೇಡ. ಜೀಪಿನ ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗಿದೆಯಲ್ಲ, ಅದರ ಒಳಮೈಗೆ ನಾನು ಹಾಕಿದ್ದು ಇದನ್ನೇ. ಪೆಟ್ರೋಲ್ ಆವಿ ಕುಳಿತ ಟ್ಯಾಂಕಿನ ಹತ್ತಿರ ಕಿಡಿ ಹಾರುವ ಸಾಧ್ಯತೆಯಿರುವ ಯಾವುದೂ ನನಗೆ ಬೇಡ.

ಮಿಕ್ಕ ಭಾಗಗಳಿಗೆ ಕಾಕಂಬಿ ಯಾಕಲ್ಲ? ವಾರಗಟ್ಟಲೆ ಕಾಯಬೇಕು, ಹುದುಗು ಬಂದು ನೊರೆ ಏಳುತ್ತದೆ, ವಾಸನೆ ಅಡುಗೆಮನೆಯವರೆಗೂ ಬರುತ್ತದೆ, ಇರುವೆ, ಕಣಜ ಮುತ್ತುತ್ತವೆ. ಬಣ್ಣ ಬಿಡಿಸುವುದಿಲ್ಲ, ಅಲ್ಯೂಮಿನಿಯಂ ಭಾಗವಿದ್ದರೆ ತಿನ್ನುತ್ತದೆ. ಸಿಗುವುದೂ ಸುಲಭವಲ್ಲ. ಮದ್ಯಸಾರಕ್ಕೆ ಹೋಗುವ ಸರಕಾದ್ದರಿಂದ ಸಕ್ಕರೆ ಕಾರ್ಖಾನೆಗೆ ಹೋಗಿ ಡಬ್ಬ ಹಿಡಿದರೆ ಕೊಡುವುದಿಲ್ಲ, ದನದ ಮೇವಿನ ಅಂಗಡಿಯಲ್ಲಿ ವಿಚಾರಿಸಬೇಕು. ಜೋನಿ ಬೆಲ್ಲ ಹಾಕು ಎಂದ ನೆಂಟರಿದ್ದಾರೆ, ಅಷ್ಟು ಒಳ್ಳೆಯದನ್ನು ತುಕ್ಕಿಗೆ ಸುರಿಯಲು ಮನಸ್ಸು ಬರಲಿಲ್ಲ.

ಆಸಿಡ್ ಬೇಡ. ನಿಮಿಷಗಳಲ್ಲಿ ತುಕ್ಕು ಹೋಗುತ್ತದೆ ನಿಜ, ಆದರೆ ತಗಡಿನ ಮಡಿಕೆಯೊಳಗೆ ಸೇರಿದ ಆಸಿಡ್ ತೊಳೆದರೂ ಹೋಗುವುದಿಲ್ಲ, ಬಣ್ಣ ಹೊಡೆದ ಮೇಲೆ ಒಳಗಿಂದ ಗುಳ್ಳೆ ಎಬ್ಬಿಸುತ್ತದೆ. ಅದರ ಹೊಗೆಗೆ ಶೆಡ್ಡಿನಲ್ಲಿದ್ದ ಪಾನಾಗಳೂ ತುಕ್ಕು ಹಿಡಿಯುತ್ತವೆ.

ಗ್ರೈಂಡರಿನ ವೈರ್ ಬ್ರಷ್ ತುಕ್ಕಿನ ಮೇಲ್ಮೈಯನ್ನು ಹೊಳಪು ಮಾಡುತ್ತದೆ, ಗುಳಿಯೊಳಗಿನದ್ದು ಅಲ್ಲೇ ಉಳಿಯುತ್ತದೆ.

ರಸ್ಟ್ ಕನ್ವರ್ಟರ್ ಬಾಟಲಿಗಳಲ್ಲಿ ಫಾಸ್ಫಾರಿಕ್ ಆಸಿಡ್ ಇಲ್ಲವೆ ಟ್ಯಾನಿನ್ ಇರುತ್ತದೆ, ತೆಳು ತುಕ್ಕನ್ನು ಕಪ್ಪು ಪದರ ಮಾಡುತ್ತದೆ. ಬಾಡಿಯ ನೆಲದ ಮೂಲೆಗಳಿಗೆ, ಬಿಚ್ಚಲಾಗದ ಕಡೆಗೆ ನಾನು ಅದನ್ನೇ ಹಚ್ಚಿದೆ. ಅಡಿಕೆ ಬೇಯಿಸಿದ ಚೊಗರಿನಲ್ಲೂ ಟ್ಯಾನಿನ್ನೇ ಇರುವುದು, ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಮಲೆನಾಡಿನವರು ಎಲ್ಲರೂ ಕಂಡಿದ್ದಾರೆ. ಮುಂದಿನ ಸುಗ್ಗಿಯಲ್ಲಿ ಒಂದು ತುಂಡು ತಗಡಿಗೆ ಬಳಿದು ನೋಡುವ ಆಸೆಯಿದೆ.

ಖರ್ಚಿನ ಲೆಕ್ಕ ಹಾಕಿದರೆ, ಬಾನೆಟ್ ಒಂದಕ್ಕೆ ಬ್ಲಾಸ್ಟಿಂಗ್ ಮತ್ತು ಅದರ ಉಬ್ಬು ತೆಗೆಸಲು ಹೋದ ದುಡ್ಡಿನಲ್ಲಿ ಗುಜರಿ ಚಾರ್ಜರ್, ಡ್ರಮ್ಮು, ಟಾರ್ಪಾಲು, ಸೋಡಾ ಎಲ್ಲ ಬಂದು ಪ್ರೈಮರಿಗೂ ಮಿಕ್ಕುತ್ತಿತ್ತು. ಸಮಯದ ಲೆಕ್ಕವೂ ನನಗೆ ಇದೇ ಒಗ್ಗುತ್ತದೆ. ಶನಿವಾರ ಸಂಜೆ ಇಳಿಸಿ, ಭಾನುವಾರ ತೆಗೆದು ಉಜ್ಜಿ, ಬಿಸಿಲಿಗೆ ಇಲ್ಲವೆ ಒಲೆಯ ಹತ್ತಿರ ಒಣಗಿಸಿ, ಎಪಾಕ್ಸಿ ಪ್ರೈಮರ್ ಹೊಡೆದು ಮುಗಿಸುತ್ತೇನೆ. ಮುಂದಿನ ವಾರ ಮುಂದಿನ ಭಾಗ. ಗಾಡಿ ಎರಡೇ ತಿಂಗಳಲ್ಲಿ ರಸ್ತೆಗೆ ಇಳಿಯಬೇಕು ಎನ್ನುವವರಿಗೆ ಈ ನಡಿಗೆ ಹಿಡಿಸುವುದಿಲ್ಲ. ಅವರು ಪೂರಾ ಬ್ಲಾಸ್ಟಿಂಗಿಗೇ ಕೊಡಲಿ, ಆದರೆ ಕಾರಿನ ತಗಡು ಹೊಡೆದು ಅನುಭವವಿರುವ ಜಾಗ ಹುಡುಕಿ, ಬಾನೆಟ್ಟನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳಲಿ.

ಇದೆಲ್ಲ ಜೀಪಿನ ಮಾತು, ಅದರ ಮಡ್‌ಗಾರ್ಡು, ಫ್ರೇಮು, ಬಾನೆಟ್ಟು ಎಲ್ಲವೂ ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತವೆ. ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡವರು ಡೋರು, ಬಾನೆಟ್ಟು, ಡಿಕ್ಕಿಯ ಮುಚ್ಚಳವನ್ನು ತೊಟ್ಟಿಗೆ ಇಳಿಸಬಹುದು. ಬಾಗಿಲ ಕೆಳಗಿನ ಪೆಟ್ಟಿಗೆ ಭಾಗ, ನೆಲ ಎಲ್ಲ ಬಾಡಿಗೇ ಬೆಸೆದಿರುವುದರಿಂದ ಅಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದೇ ಸರಿ.