ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ಅದು ಪ್ರಾಯ ವಾಪಸ್ ಬಂದದ್ದಲ್ಲ

ಐವತ್ತರ ಆಸುಪಾಸಿನ ಅಕ್ಕತಂಗಿಯರಿಗೆ ಮತ್ತು ಅವರ ಹೆಣ್ಣುಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ಮುಜುಗರ ಆಗುವ ವಿಷಯ. ಆ ಮುಜುಗರದಿಂದಲೇ ನಾನು ಮೂರು ತಿಂಗಳು ಕಳೆದುಕೊಂಡೆ. ಹಾಗಾಗಿ ಬಿಚ್ಚಿಯೇ ಹೇಳುತ್ತೇನೆ.

ನಾನಿರುವುದು ಡೊಂಬಿವಲಿಯಲ್ಲಿ. ಊರು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿಗೆ ಬಂದು 27 ವರ್ಷ ಆಯಿತು. ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. 49ಕ್ಕೆ ಮುಟ್ಟು ಏರುಪೇರಾಗಲು ಶುರುವಾಯಿತು. ಒಂದು ಗಣಪತಿ ಹಬ್ಬದ ನಂತರ ಪೂರ್ತಿ ನಿಂತಿತು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೆ ನಿಲ್ಲುತ್ತದಂತೆ, ನನ್ನದು ಸ್ವಲ್ಪ ತಡ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ಈ 12 ತಿಂಗಳ ಲೆಕ್ಕ ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ನಿಂತ ಮೇಲೆ ಕಾಟ ಜಾಸ್ತಿಯಾಯಿತು. ಬೆಳಗಿನ ಲೋಕಲ್‌ನಲ್ಲಿ, ಲೇಡೀಸ್ ಡಬ್ಬದ ಆ ನೂಕುನುಗ್ಗಲಲ್ಲಿ, ಇದ್ದಕ್ಕಿದ್ದ ಹಾಗೆ ಎದೆಯಿಂದ ಬಿಸಿ ಮೇಲೇರುತ್ತಿತ್ತು. ಎರಡೇ ನಿಮಿಷದಲ್ಲಿ ಕುತ್ತಿಗೆಯ ಹಿಂದೆ ರವಿಕೆ ಒದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಸಣ್ಣ ಮಾತಿಗೂ ಮಗಳ ಮೇಲೆ ರೇಗುತ್ತಿದ್ದೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಅಮ್ಮ, ಅತ್ತೆ ಎಲ್ಲರೂ ಇದನ್ನು ಸುಮ್ನೆ ಸಹಿಸಿಕೊಂಡವರು. ನಾನೂ ಹಾಗೇ ಅಂದುಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ನಮ್ಮ ಸೊಸೈಟಿಯಲ್ಲಿ ಹಳದಿ ಕುಂಕುಮ ಇತ್ತು. ಇಲ್ಲಿ ಕುಂಕುಮ ಹಚ್ಚಿ, ತಿಳ್‌ಗುಳ್ ಕೊಟ್ಟು, ಜೊತೆಗೆ ವಾಣ ಅಂತ ಏನಾದರೂ ಸಣ್ಣ ಉಡುಗೊರೆ ಕೊಡುತ್ತಾರೆ. ಡಬ್ಬಿ, ಬಟ್ಟಲು, ಕರವಸ್ತ್ರ, ಹೀಗೆ. ಆ ಸಲ ಒಬ್ಬರು ವಾಣವಾಗಿ ಒಂದು ಪುಡಿಯ ಸ್ಯಾಂಪಲ್ ಪೊಟ್ಟಣ ಕೊಟ್ಟರು. ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡಿದರು. "ಅಕ್ಕಾ, ಇದು ಹೆಂಗಸರ ಹಾರ್ಮೋನ್ ಸರಿ ಮಾಡ್ತದೆ. ಪೂರ್ತಿ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಎಂದರು. ಈ ಊರಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಸಾಕು, ಮನಸ್ಸು ಕರಗುತ್ತದೆ. ಮೂರು ತಿಂಗಳ ಕೋರ್ಸಿಗೆ 13,500 ರೂಪಾಯಿ ಕೊಟ್ಟು ತೆಗೆದುಕೊಂಡೆ. ನನ್ನ ಜೊತೆ ಇನ್ನೂ ಮೂವರು ತೆಗೆದುಕೊಂಡರು.

ದಿನಾ ಎರಡು ಹೊತ್ತು, ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ.

ಹೋಳಿ ಕಳೆದು ಒಂದು ವಾರಕ್ಕೆ ಒಳಬಟ್ಟೆಯಲ್ಲಿ ಕಂದು ಬಣ್ಣದ ಕಲೆ ಕಂಡಿತು. ಮುಟ್ಟು ನಿಂತು ಆಗಲೇ ಹದಿನೆಂಟು ತಿಂಗಳು. ಹೆದರಿ ಆಕೆಗೆ ಫೋನ್ ಮಾಡಿದೆ. ಆಕೆ ನಕ್ಕರು. "ಹೆದರಬೇಡಿ ಅಕ್ಕಾ, ಪುಡಿ ಕೆಲಸ ಮಾಡ್ತಾ ಉಂಟು. ನಿಮಗೆ ಪ್ರಾಯ ವಾಪಸ್ ಬಂತು!" ಎಂದರು.

ನಾನು ಅದನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಆ ರಾತ್ರಿ ಕನ್ನಡಿ ಮುಂದೆ ನಿಂತು ಖುಷಿಪಟ್ಟೆ. ಅದನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಏಪ್ರಿಲ್‌ನಲ್ಲಿ ಎರಡು ಸಲ ರಕ್ತ ಹೋಯಿತು, ಮೇ ತಿಂಗಳಲ್ಲಿ ಒಂದು ವಾರ ಪೂರ್ತಿ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೋರ್ಸ್ ಮುಗಿದಾಗ ಇನ್ನೊಂದು ಡಬ್ಬ ತರಿಸಿದೆ.

ಜೂನ್‌ನಲ್ಲಿ, ಮೊದಲ ಜೋರು ಮಳೆಯ ದಿನ, ಟ್ರೇನಿನಲ್ಲೇ ಧಾರೆಯಾಗಿ ಹೋಗತೊಡಗಿತು. ದಾದರ್‌ನಲ್ಲಿ ಇಳಿದೆ. ಪ್ಯಾಡ್ ಇಟ್ಟುಕೊಳ್ಳುವ ಅಭ್ಯಾಸ ಯಾವತ್ತೋ ತಪ್ಪಿಹೋಗಿತ್ತು. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ನನ್ನ ಸೀರೆ ನೋಡಿ ಹತ್ತಿರ ಬಂದರು. ಒಬ್ಬಳು ಪ್ಯಾಡ್ ಕೊಟ್ಟಳು, ಇನ್ನೊಬ್ಬಳು ತನ್ನ ಓಢಣಿಯನ್ನೇ ನನ್ನ ಸೊಂಟಕ್ಕೆ ಸುತ್ತಿದಳು. ಆ ಮಕ್ಕಳ ಹೆಸರು ಕೇಳುವಷ್ಟೂ ತ್ರಾಣ ಇರಲಿಲ್ಲ.

ಮನೆಯವರು ಅವತ್ತೇ ಸ್ಟೇಷನ್ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಹೆಸರು ಹೇಳುವುದಿಲ್ಲ. ಸೋನೋಗ್ರಫಿ ಮಾಡಿದರು. ಗರ್ಭಕೋಶದ ಒಳಪದರ 13 ಮಿಲಿಮೀಟರ್ ದಪ್ಪ ಇತ್ತು. ಮುಟ್ಟು ನಿಂತವರಿಗೆ ರಕ್ತ ಹೋಗುತ್ತಿದ್ದರೆ ಇದು 4 ಮಿಲಿಮೀಟರ್‌ಗಿಂತ ಜಾಸ್ತಿ ಇರಬಾರದು, ಇದ್ದರೆ ಒಳಗಿನ ತುಣುಕು ತೆಗೆದು ಪರೀಕ್ಷಿಸಬೇಕು, ಬಯಾಪ್ಸಿ ಅನ್ನುವುದು ಇದಕ್ಕೇ. ಇದು ನನಗೆ ಆಮೇಲೆ ಗೊತ್ತಾದದ್ದು. ಅಲ್ಲಿಯ ಡಾಕ್ಟರು ಪರೀಕ್ಷೆಯ ಮಾತೇ ಎತ್ತಲಿಲ್ಲ. ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, ಮೆಡಿಕ್ಲೈಮ್ ಇದೆಯಾ ಅಂತ. ಆಮೇಲೆ ಮರಾಠಿಯಲ್ಲಿ, "ಪಿಶವೀ ಕಾಢೂನ್ ಟಾಕೂ, ಕಟ್‌ಕಟ್ ಗೇಲೀ" ಎಂದರು. ಚೀಲ ತೆಗೆದುಬಿಡೋಣ, ಕಿರಿಕಿರಿ ಮುಗಿಯಿತು ಅಂತ. ಗರ್ಭಕೋಶಕ್ಕೆ ಇಲ್ಲಿ ಪಿಶವಿ ಅನ್ನುತ್ತಾರೆ, ತರಕಾರಿ ತರುವ ಚೀಲಕ್ಕೂ ಅದೇ ಮಾತು. ಶುಕ್ರವಾರ ಆಪರೇಷನ್ ಅಂತ ನಿಗದಿಯಾಯಿತು. 20,000 ಡಿಪಾಸಿಟ್ ಕಟ್ಟಿದೆವು. ಅದು ವಾಪಸ್ ಬಂದಿಲ್ಲ.

ನನ್ನನ್ನು ಉಳಿಸಿದ್ದು ಮೂರನೇ ಮಹಡಿಯ ಹಿರಿಯರೊಬ್ಬರು. ಮಂಗಳೂರಿನವರು, ಸಿಸ್ಟರ್ ಆಗಿ ನಿವೃತ್ತರಾದವರು. ಗುರುವಾರ ಸಂಜೆ ನೋಡಲು ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಬಯಾಪ್ಸಿ ರಿಪೋರ್ಟ್ ಎಲ್ಲಿ?" ಇಲ್ಲ ಎಂದಾಗ ಅವರ ಮುಖ ಬದಲಾಯಿತು. "ಒಳಗೆ ಏನಿದೆ ಅಂತ ನೋಡದೆ ಹೇಗೆ ತೆಗೀತಾರೆ? ಕ್ಯಾನ್ಸರ್ ಆದರೆ ಆಪರೇಷನ್ನೇ ಬೇರೆ ಥರ, ಅದಕ್ಕೆ ಬೇರೆ ಡಾಕ್ಟರೇ ಬೇಕು. ಕ್ಯಾನ್ಸರ್ ಅಲ್ಲದಿದ್ದರೆ ಆಪರೇಷನ್ ಬೇಡವೇ ಬೇಡ ಆಗಬಹುದು" ಎಂದರು.

ನೋಡಿ, ಪುಡಿ ಮಾರಿದವರು ಒಳಗೆ ಏನಿದೆ ಅಂತ ನೋಡದೆ ಏನೂ ಇಲ್ಲ ಎಂದರು. ನರ್ಸಿಂಗ್ ಹೋಮಿನವರು ಒಳಗೆ ಏನಿದೆ ಅಂತ ನೋಡದೆ ಎಲ್ಲ ತೆಗೆಯಿರಿ ಎಂದರು. ಎರಡು ಕಡೆಯೂ ನಾನು ತಲೆಯಾಡಿಸಿದೆ.

ಶುಕ್ರವಾರ ಆಪರೇಷನ್ ಬಿಟ್ಟು ಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಸಾಯನ್, ಪರೇಲ್, ಮುಂಬಯಿ ಸೆಂಟ್ರಲ್ ಮೂರೂ ಕಡೆ ಇಂಥ ಆಸ್ಪತ್ರೆಗಳಿವೆ. ಸಾಲು ಉದ್ದ, ಬೆಂಚು ಕಡಿಮೆ. ಆದರೆ ಅಲ್ಲಿಯ ಡಾಕ್ಟರಮ್ಮ ಪೂರ್ತಿ ಕಥೆ ಕೇಳಿದರು, ನಡುವೆ ತಡೆಯಲಿಲ್ಲ. ಪುಡಿಯ ಡಬ್ಬ ತಂದಿದ್ದೀರಾ ಎಂದು ಕೇಳಿದರು. ತಂದಿದ್ದೆ. ಇಬ್ಬರೂ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆವು. ಬಂಗಾರದ ಅಕ್ಷರ, ಕಮಲದ ಚಿತ್ರ. ಒಳಗೆ ಏನಿದೆ ಎಂಬಲ್ಲಿ "ವಿಶೇಷ ಗಿಡಮೂಲಿಕೆ ಮಿಶ್ರಣ" ಅಂತಷ್ಟೇ. ಆಯುರ್ವೇದ ಔಷಧಿಯಾದರೆ ತಯಾರಕರ ಲೈಸೆನ್ಸ್ ನಂಬರ್ ಇರಬೇಕು, ಆಹಾರದ ಪುಡಿಯಾದರೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಎರಡೂ ಇರಲಿಲ್ಲ. ತಯಾರಿಸಿದವರ ವಿಳಾಸವೂ ಇರಲಿಲ್ಲ.

ಬಯಾಪ್ಸಿ ಅಂದರೆ ನಾನು ನಡುಗಿದ್ದೆ. ಮಾಡಿದ್ದು ಸ್ಟ್ರಾ ಥರದ ತೆಳು ಪ್ಲಾಸ್ಟಿಕ್ ನಳಿಕೆಯಿಂದ, ಎರಡು ಮೂರು ನಿಮಿಷ. ಮುಟ್ಟಿನ ಮೊದಲ ದಿನದ ಹಾಗೆ ಕಿಬ್ಬೊಟ್ಟೆ ಹಿಂಡಿತು. ಸಿಸ್ಟರ್ ಕೈ ಹಿಡಿದುಕೊಂಡಿದ್ದರು. ಅರ್ಧ ಗಂಟೆ ಮಲಗಿ ಎದ್ದು ಟ್ರೇನಿನಲ್ಲೇ ಮನೆಗೆ ಬಂದೆ. ರಿಪೋರ್ಟಿಗೆ ಕಾದ ಹತ್ತು ದಿನ ಮಾತ್ರ ಹೇಳತೀರದು.

ಹೈಪರ್‌ಪ್ಲೇಸಿಯಾ ಎಂದು ಬಂತು. ಒಳಪದರ ಅತಿಯಾಗಿ ಬೆಳೆದಿದೆ, ಆದರೆ ಕೆಟ್ಟ ಜೀವಕೋಶಗಳಿಲ್ಲ. ಈ ಥರದ್ದು ಕ್ಯಾನ್ಸರ್ ಆಗುವುದು 20 ವರ್ಷದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಗೆ ಎಂದು ಡಾಕ್ಟರಮ್ಮ ಹೇಳಿದರು. ಗರ್ಭಕೋಶದೊಳಗೆ ಹಾರ್ಮೋನ್ ಇರುವ ಒಂದು ಕಾಯಿಲ್ ಇಟ್ಟರು, ಕಾಪರ್-ಟಿ ಥರದ ಸಣ್ಣ ಸಾಧನ. ಆರು ತಿಂಗಳಿಗೆ ಮತ್ತೆ ಬಯಾಪ್ಸಿ ಮಾಡಿದಾಗ ಎಲ್ಲ ಸರಿಯಿತ್ತು. ನನ್ನ ಗರ್ಭಕೋಶ ನನ್ನಲ್ಲೇ ಇದೆ.

ಪುಡಿಯಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ, ಡಾಕ್ಟರಮ್ಮನೂ ಹೇಳಲಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ತೂಕ 78 ಕೆಜಿ. ಮೈಯ ಕೊಬ್ಬು ತಾನೇ ಈಸ್ಟ್ರೋಜನ್ ಎಂಬ, ಒಳಪದರ ಬೆಳೆಸುವ ಹಾರ್ಮೋನ್ ಹುಟ್ಟಿಸುತ್ತದೆ, ಮುಟ್ಟು ನಿಂತ ಮೇಲೆ ಅದಕ್ಕೆ ಎದುರಾಗಿ ಅದನ್ನು ಹಿಡಿತದಲ್ಲಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಇರುವುದಿಲ್ಲ, ಆಗ ಒಳಪದರ ದಪ್ಪಗಾಗುತ್ತದೆ. ಹೊರಗಿನಿಂದ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೂ ಹಾಗೆಯೇ. ಗರ್ಭಕೋಶ ಇರುವವರಿಗೆ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದರೆ ಪ್ರೊಜೆಸ್ಟರಾನ್ ಕೂಡ ಬರೆಯುವುದು ಇದಕ್ಕೇ. ಆ ಮೈಬಿಸಿಗೆ ಸರಿಯಾದ ಚಿಕಿತ್ಸೆ ಇದೆ, ಎಲ್ಲರೂ ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ. ಆದರೆ ಅದನ್ನು ಬಿಪಿ, ಸಕ್ಕರೆ, ಸ್ತನ ಎಲ್ಲ ನೋಡಿ ಡಾಕ್ಟರು ಕೊಡಬೇಕು. ಹಳದಿ ಕುಂಕುಮದ ತಟ್ಟೆಯಲ್ಲಿ ಬರುವುದಲ್ಲ.

ಹೆದರಿ ಮನೆಯಲ್ಲಿ ಕೂರುವವರಿಗೆ ಒಂದು ಮಾತು. ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಮಂದಿಯಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿಗೆ ಅದು ಕ್ಯಾನ್ಸರ್ ಅಲ್ಲ. ಒಳಗಿನ ಪದರ ಒಣಗಿ ತೆಳುವಾದದ್ದೋ, ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿಯೋ ಇರುತ್ತದೆ. ಆದರೆ ಒಳಪದರದ ಕ್ಯಾನ್ಸರ್ ಬಂದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ರಕ್ತ ಹೋಗಿರುತ್ತದೆ. ಒಂದು ಹನಿಯಾದರೂ, ಒಂದೇ ದಿನವಾದರೂ ತೋರಿಸಿ. ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಿದೆ ಅಂತಲೂ ಸುಮ್ನಿರಬೇಡಿ. ಅದು ನೋಡುವುದು ಗರ್ಭಕೋಶದ ಬಾಯಿಯನ್ನು, ಒಳಗನ್ನಲ್ಲ.

ಇನ್ನು ಈ ಪಿಶವಿ ತೆಗೆಯುವ ಮಾತು. ನಮ್ಮದೇ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಕಥೆ 2019ರಲ್ಲಿ ಹೊರಬಂತು. ಸರ್ಕಾರದ ಸಮಿತಿ ವಿಚಾರಿಸಿದ 82 ಸಾವಿರ ಚಿಲ್ಲರೆ ಹೆಂಗಸರಲ್ಲಿ 13 ಸಾವಿರಕ್ಕೂ ಜಾಸ್ತಿ ಮಂದಿಗೆ ಗರ್ಭಕೋಶ ಇರಲಿಲ್ಲ. ಬೇಡದ ಆಪರೇಷನ್ ತಡೆಯುವ ನಿಯಮಗಳನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ಆ ಆಪರೇಷನ್ ಅಗತ್ಯ ಇರುವವರೂ ಇದ್ದಾರೆ, ಅವರಿಗೆ ಅದು ಜೀವ ಉಳಿಸುತ್ತದೆ. ಆದರೆ ಧಾರಾಕಾರ ರಕ್ತ ಹೋಗಿ ಜೀವಕ್ಕೇ ಬಂದಿಲ್ಲದಿದ್ದರೆ, ಬಯಾಪ್ಸಿಗೆ ಮತ್ತು ಇನ್ನೊಬ್ಬ ಡಾಕ್ಟರ ಅಭಿಪ್ರಾಯಕ್ಕೆ ಸಮಯ ಇದ್ದೇ ಇರುತ್ತದೆ. ನಲವತ್ತರ ಹರೆಯದವರು ಅಂಡಾಶಯವನ್ನೂ ತೆಗೆಯುತ್ತೀರಾ ಎಂದು ಕೇಳಲೇಬೇಕು. ತೆಗೆದರೆ ಮುಟ್ಟು ನಿಲ್ಲುವ ಎಲ್ಲ ಕಾಟ ಒಂದೇ ಸಲ ಬರುತ್ತದೆ, ಮೂಳೆ ಮತ್ತು ಹೃದಯಕ್ಕೂ ಹೊಡೆತ.

ನನ್ನ ಜೊತೆ ಪುಡಿ ತೆಗೆದುಕೊಂಡ ಮೂವರ ಮನೆಗೂ ಹೋಗಿ ಇದನ್ನೆಲ್ಲ ಹೇಳಿದೆ. ಇಬ್ಬರು ಡಬ್ಬ ಬಿಸಾಡಿದರು. ಬಿ ವಿಂಗ್‌ನವರು ಮಾತ್ರ ಬಾಗಿಲಲ್ಲೇ ನಿಂತು ಸುಮ್ಮನೆ ಕೇಳಿದರು. ನಿನ್ನೆ ರಾತ್ರಿ ಹತ್ತೂವರೆಗೆ ಅವರೇ ಬಂದರು. ಎರಡು ತಿಂಗಳಿಂದ ಅವರಿಗೂ ಕಲೆ ಕಾಣುತ್ತಿದೆಯಂತೆ. ಗಂಡನಿಗೆ ಹೇಳಿಲ್ಲ. ನಾಳೆ ಬೆಳಿಗ್ಗೆ 6:20ರ ಲೋಕಲ್‌ಗೆ ಇಬ್ಬರೂ ಹೊರಡುತ್ತಿದ್ದೇವೆ. ಕೇಸ್ ಪೇಪರ್ ಸಾಲಿನಲ್ಲಿ ಮೊದಲು ನಿಂತರೆ ಮಧ್ಯಾಹ್ನದೊಳಗೆ ಡಾಕ್ಟರಮ್ಮ ಸಿಗುತ್ತಾರೆ.